15 ಸಾವಿರದ ಫೈಲು

ಸುಮ್ನಿರೋಣ ಅಂದುಕೊಂಡೆ, ಆಗ್ತಿಲ್ಲ. ತಂಗಿಯ ಮಗ ಶಿರಸಿಯಲ್ಲಿ ಹೋಟೆಲ್ ಹಾಲ್ ಒಂದರಲ್ಲಿ ನಡೆದ ಶೇರು ಮಾರ್ಕೆಟ್ ಕ್ಲಾಸಿಗೆ 15 ಸಾವಿರ ಕಟ್ಟಿ ಬಂದಿದ್ದಾನೆ. ಊಟ, ಟೀ, ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಸರ್ಟಿಫಿಕೇಟು. ಬಿಚ್ಚಿ ನೋಡಿದೆ. ಶೇರು ಬೆಲೆಯ ಚಾರ್ಟಿನಲ್ಲಿ ಹಸಿರು ಕ್ಯಾಂಡಲ್ (ಬೆಲೆ ಏರಿದ ಗುರುತು) ಕಂಡರೆ ಏನು ಮಾಡಬೇಕು, ಕೆಂಪು (ಇಳಿದ ಗುರುತು) ಕಂಡರೆ ಏನು ಮಾಡಬೇಕು, ಅಷ್ಟೇ. ಕಂಪನಿ ಹೇಗೆ ದುಡ್ಡು ದುಡಿಯುತ್ತದೆ ಅನ್ನೋದು ಒಂದು ಪುಟದಲ್ಲೂ ಇಲ್ಲ.

ಬ್ಯಾಂಕ್ ಕೌಂಟರಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು, ನಿಮಗೆ ಗೊತ್ತೇ ಇದೆ. ಈಗ ನಿದ್ದೆ ಬಾರದ ರಾತ್ರಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪಾಠ ನೋಡುತ್ತೇನೆ. ರಾಬರ್ಟ್ ಶಿಲ್ಲರ್ ಅಂತ ಮೇಷ್ಟ್ರು, 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 2008ರಲ್ಲಿ, ಮತ್ತೆ 2011ರಲ್ಲಿ ಹಣಕಾಸು ಮಾರುಕಟ್ಟೆ ಬಗ್ಗೆ ಅವರು ಮಾಡಿದ ಪಾಠಗಳು ಯೂಟ್ಯೂಬಿನಲ್ಲಿ ಬಿದ್ದಿವೆ. ಫೀಸು ಸೊನ್ನೆ. ಸರ್ಟಿಫಿಕೇಟೂ ಇಲ್ಲ, ಬಹುಶಃ ಅದಕ್ಕೇ ಯಾರಿಗೂ ಬೇಡ.

ವಿಮೆಯ ಪಾಠ ಒಂದನ್ನೇ ನೋಡಿ. ಎಲ್ಲರಿಗೂ ಒಟ್ಟಿಗೇ ಕಷ್ಟ ಬಾರದಿದ್ದರೆ ಮಾತ್ರ ವಿಮೆ ನಡೆಯುತ್ತದೆ. ಕೇಳುವಾಗ ನನ್ನ ಕಣ್ಣಿಗೆ ಬಂದದ್ದು ಜುಲೈ ತಿಂಗಳ ನಮ್ಮ ಅಡಿಕೆ ತೋಟ. ಮಳೆ ಬಿಡದೆ ಹೊಯ್ದರೆ ಅಡಿಕೆಕಾಯಿ ಉದುರಿಸುವ ಕೊಳೆ ರೋಗ ನನ್ನ ತೋಟಕ್ಕೊಂದೇ ಬರುತ್ತಾ? ಇಡೀ ಸೀಮೆಗೇ ಬರುತ್ತದೆ. ಶಿರಸಿ, ಸಿದ್ದಾಪುರದವರಷ್ಟೇ ದುಡ್ಡು ಸೇರಿಸಿಟ್ಟರೆ ಒಂದೇ ಮಳೆಗಾಲಕ್ಕೆ ಖಾಲಿ. ಅಡಿಕೆಯ ಹವಾಮಾನ ವಿಮೆಗೆ ವಿಮಾ ಮೊತ್ತದ ನೂರಕ್ಕೆ 5 ಮಾತ್ರ ನಮ್ಮ ಪಾಲು, ಮಿಕ್ಕ ಕಂತು ಸರ್ಕಾರದ್ದು. ಪರಿಹಾರ ಬರುವುದೂ ತೋಟ ನೋಡಿ ಅಲ್ಲ, ಮಳೆ ಮಾಪನದ ಲೆಕ್ಕ ನೋಡಿ. ಅದಕ್ಕೆ ನಾವೆಲ್ಲ ಬೈಯುತ್ತೇವೆ. ಆದರೆ ತೋಟ ನೋಡಿಯೇ ಕೊಡುವಂತಿದ್ದರೆ, ಕೊಳೆ ಔಷಧಿಯ ಖರ್ಚು ಯಾಕೆ ಅಂತ ಸುಮ್ನೆ ಕೂರುವವರು ನಮ್ಮ ಕೇರಿಯಲ್ಲೇ ಇದ್ದಾರೆ. ಹೆಸರು ಹೇಳಲ್ಲ, ಈ ಪೋಸ್ಟಿಗೂ ಲೈಕ್ ಒತ್ತುತ್ತಾರೆ.

‘ಅದು ಇಂಗ್ಲಿಷ್ ಅಲ್ವಾ ಮಾವ’ ಅಂತಾನೆ ಮಾಣಿ. ಕ್ಲಾಸಿನಲ್ಲಿ ಕಲಿತ ಸ್ಟಾಪ್ ಲಾಸು, ಬ್ರೇಕ್‌ಔಟು, ಕಾಲು, ಪುಟ್ಟು ಎಲ್ಲ ಏನು ಹಳಗನ್ನಡವಾ? ಶಿಲ್ಲರ್ ತಡವರಿಸಿಕೊಂಡು ನಿಧಾನಕ್ಕೆ ಮಾತಾಡುತ್ತಾರೆ. ತಿಳಿಯದಿದ್ದರೆ ಹಿಂದೆ ಹೋಗಿ ಮತ್ತೆ ಕೇಳಬಹುದು. ಹೋಟೆಲ್ ಹಾಲಿನಲ್ಲಿ ಕೋಟು ಹಾಕಿಕೊಂಡು ಪಾಠ ಹೇಳಿದವರನ್ನು ಹಾಗೆ ಹಿಂದಕ್ಕೆ ತಿರುಗಿಸೋಕಾಗುತ್ತಾ?

ಶೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಮೂರು ವರ್ಷಗಳಲ್ಲಿ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ, ತಲಾ ಸರಾಸರಿ ಸುಮಾರು 2 ಲಕ್ಷ. ನನ್ನ ಮಾತಲ್ಲ, ಶೇರು ಮಾರ್ಕೆಟ್ ನಿಯಂತ್ರಿಸುವ ಸೆಬಿಯೇ 2024ರಲ್ಲಿ ಹೇಳಿದ್ದು. ಆ ಹಾಳೆಯೂ ಫೈಲಿನಲ್ಲಿಲ್ಲ. 15 ಸಾವಿರಕ್ಕೆ ಅದೊಂದು ಹಾಳೆ ಜೆರಾಕ್ಸ್ ಮಾಡಿ ಕೊಡಬಹುದಿತ್ತು.

ನಿಜ ಹೇಳ್ಲಾ, ಈ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚು. ನಾನು ಬಿ.ಕಾಂ. ಓದುವಾಗ ಮೇಷ್ಟ್ರು ಹಳೇ ನೋಟ್ಸ್ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಚಾಲಿ (ಒಣಗಿಸಿ ಸುಲಿದ ಅಡಿಕೆ) ದರ ಯಾಕೆ ಬಿತ್ತು ಅಂತ ಒಮ್ಮೆ ಕೇಳಿದ್ದಕ್ಕೆ, ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದಿದ್ದರು. ಇವನ ಜೇಬಿನ ಫೋನಿನಲ್ಲೇ ಯೇಲ್ ಇದೆ, ಇವನು ಹೋಟೆಲಿಗೆ ಹೋಗುತ್ತಾನೆ.

ಮುಂದಿನ ತಿಂಗಳು ಕಾರವಾರದಲ್ಲಿ ಅಡ್ವಾನ್ಸ್ಡ್ ಬ್ಯಾಚಂತೆ. ಇನ್ನೊಬ್ಬರನ್ನು ಕರೆತಂದರೆ ಇವನಿಗೆ ಫೀಸಿನಲ್ಲಿ ರಿಯಾಯಿತಿ. ನಿನ್ನೆ ಸಂಜೆ ಬಂದು ನನ್ನನ್ನೇ ಕೇಳಿದ.