ಮಗಳನ್ನು ಪಿಯುಗೆ ಸೇರಿಸುವ ಮುನ್ನ ಗಣಿತ ವಿಭಾಗದ ಬಾಗಿಲು ತಟ್ಟಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಹೆಣ್ಣುಮಕ್ಕಳ ಪಿಯು ಕಾಲೇಜುಗಳಲ್ಲಿ ತಂದೆತಾಯಿ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಎಲ್ಲ ಊರಲ್ಲೂ ಅವೇ. ಹೋದ ವರ್ಷ ರಿಸಲ್ಟ್ ಎಷ್ಟು ಪರ್ಸೆಂಟ್, ಶಿಸ್ತು ಹೇಗಿದೆ, ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ, ಹಾಸ್ಟೆಲ್ ಇದೆಯಾ. ಯಾವ ವಿಭಾಗಗಳಿವೆ, ಕಾಯಂ ಉಪನ್ಯಾಸಕರು ಎಷ್ಟು ಜನ, ಗಣಿತ ಪಾಠ ಯಾರು ಮಾಡುತ್ತಾರೆ ಅಂತ ಕೇಳುವವರು ತೀರಾ ಕಡಿಮೆ. ಹದಿನಾರರ ಹುಡುಗಿಗೆ ಮುಂದೆ ಯಾವ ಡಿಗ್ರಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎನ್ನುವುದರ ಬಹುಪಾಲು ಈ ಕೊನೆಯ ಪ್ರಶ್ನೆಗಳಲ್ಲಿದೆ.

ಪಿಯುಸಿಯ ಚೌಕಟ್ಟು ಸರಳ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಆ ನಾಲ್ಕು ವಿಷಯಗಳ ಗುಂಪನ್ನೇ ಕಾಂಬಿನೇಷನ್ ಅನ್ನುತ್ತೇವೆ: ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ), ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್), ಎಸ್‌ಇಬಿಎ (ಸ್ಟ್ಯಾಟಿಸ್ಟಿಕ್ಸ್, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ), ಸಿಇಬಿಎ (ಸ್ಟ್ಯಾಟಿಸ್ಟಿಕ್ಸ್ ಬದಲು ಕಂಪ್ಯೂಟರ್), ಎಚ್‌ಇಬಿಎ (ಅದರ ಬದಲು ಇತಿಹಾಸ), ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ). ಹುಡುಗಿ ಕಾಂಬಿನೇಷನ್ ಆರಿಸಿಕೊಂಡಳು ಅಂತ ನಾವು ಹೇಳುತ್ತೇವೆ. ಎಷ್ಟೋ ತಾಲ್ಲೂಕುಗಳಲ್ಲಿ ಅವಳಿಗಿಂತ ಮೊದಲು ಕಾಲೇಜಿನ ಸ್ಟಾಫ್ ಪಟ್ಟಿಯೇ ಅದನ್ನು ಆರಿಸಿರುತ್ತದೆ. ಗಣಿತಕ್ಕೆ ಹುದ್ದೆ ಇಲ್ಲ, ಇದ್ದರೂ ಖಾಲಿ, ಹಾಗಾಗಿ ಕಲಾ ವಿಭಾಗ ಮಾತ್ರ. ಕಾಮರ್ಸ್ ಇದ್ದರೂ ಎಚ್‌ಇಬಿಎ ಮಾತ್ರ. "ನಮ್ಮ ಹುಡುಗಿಯರಿಗೆ ಸೈನ್ಸ್ ಕಡೆ ಒಲವಿಲ್ಲ" ಅಂತ ಆಮೇಲೆ ಹೇಳುವುದು ನ್ಯಾಯವಲ್ಲ. ಒಲವು ತೋರಿಸಲು ಅಲ್ಲಿ ಜಾಗವೇ ಇರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೆಣ್ಣುಮಕ್ಕಳ ಪಿಯು ಕಾಲೇಜು ಬೇರೆ ಎಷ್ಟೇ ಚೆನ್ನಾಗಿರಲಿ, ಗಣಿತ ವಿಭಾಗ ಗಟ್ಟಿಯಿಲ್ಲದಿದ್ದರೆ ಅದು ಮುಂದಿನ ಓದಿಗೆ ಸಿದ್ಧಮಾಡುವ ಕಾಲೇಜಲ್ಲ. ಈ ಮಾತು ಸೈನ್ಸಿಗೆ ಮಾತ್ರ ಅನ್ವಯಿಸುವುದೂ ಅಲ್ಲ.

ಕಾಮರ್ಸನ್ನೇ ನೋಡಿ. ಮಗಳು ಸಿಎ (ಚಾರ್ಟರ್ಡ್ ಅಕೌಂಟೆನ್ಸಿ) ಮಾಡಬೇಕು ಅನ್ನುವ ಮನೆಗಳು ಈಗ ಹಳ್ಳಿಗಳಲ್ಲೂ ಇವೆ. ಅದರ ಮೊದಲ ಹಂತದ ಪರೀಕ್ಷೆ ಸಿಎ ಫೌಂಡೇಶನ್‌ನಲ್ಲಿ ತಲಾ 100 ಅಂಕದ ನಾಲ್ಕು ಪತ್ರಿಕೆ. ಮೂರನೆಯದು ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್: ಬಿಸಿನೆಸ್ ಮ್ಯಾಥಮ್ಯಾಟಿಕ್ಸ್‌ಗೆ 40, ಲಾಜಿಕಲ್ ರೀಸನಿಂಗ್‌ಗೆ 20, ಸ್ಟ್ಯಾಟಿಸ್ಟಿಕ್ಸ್‌ಗೆ 40 ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ನಾಲ್ಕೂ ಸೇರಿ ಶೇ 50 ಬರಲೇಬೇಕು. ಎಚ್‌ಇಬಿಎ ಓದಿದ ಹುಡುಗಿ ಇತಿಹಾಸದಲ್ಲಿ 98 ತೆಗೆದಿರಬಹುದು, ಈ ಪತ್ರಿಕೆಯ ಮುಂದೆ ಮಾತ್ರ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಎಸ್‌ಇಬಿಎಯಲ್ಲಿ ಎರಡು ವರ್ಷ ಸ್ಟ್ಯಾಟಿಸ್ಟಿಕ್ಸ್ ಓದಿದವಳಿಗೆ ಆ 40 ಅಂಕದ ಬಹುಪಾಲು ಪರಿಚಿತ. ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡವಳಿಗೂ ಅಷ್ಟೇ ಅನುಕೂಲ. "ಇತಿಹಾಸ ಸ್ಕೋರಿಂಗ್ ಸಬ್ಜೆಕ್ಟ್" ಅಂತ ಕೌಂಟರಿನಲ್ಲಿ ಕೂತು ಸಲಹೆ ಕೊಡುವವರು ಇದನ್ನು ಹೇಳುವುದಿಲ್ಲ. ಕಂಪ್ಯೂಟರ್ ಎಂಬ ಹೆಸರಿಗೆ ಮನಸೋತು ಸಿಇಬಿಎಗೆ ಹೋಗುವವರಿಗೂ ನನ್ನದು ಇದೇ ಕಿವಿಮಾತು. ಸಿಎ ಗುರಿಯಾಗಿದ್ದರೆ ಎಸ್‌ಇಬಿಎ ವಾಸಿ.

ಅರ್ಥಶಾಸ್ತ್ರದಲ್ಲಿ ಮುಂದೆ ಓದಬೇಕು ಅಂದುಕೊಂಡವಳ ಕಥೆಯೂ ಇದೇ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿಎ ಎಕನಾಮಿಕ್ಸ್ ಆನರ್ಸ್ ಸೇರಲು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆದಿರಬೇಕು. ಎಚ್‌ಇಪಿಎಸ್‌ನಲ್ಲಿ ಅರ್ಥಶಾಸ್ತ್ರಕ್ಕೆ ನೂರಕ್ಕೆ ನೂರು ಬಂದರೂ ಆ ಬಾಗಿಲು ತೆರೆಯುವುದಿಲ್ಲ. ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ವಿಷಯ ಇನ್ನೂ ಸ್ಪಷ್ಟ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಹುಡುಗಿಯರೂ ಪರೀಕ್ಷೆ ಬರೆಯುತ್ತಿದ್ದಾರೆ, 2025ರ ಮೇ ತಿಂಗಳಲ್ಲಿ 17 ಮಹಿಳಾ ಕೆಡೆಟ್‌ಗಳ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದು. ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು ಅಂತ ನಿಯಮ ಹೇಳುತ್ತದೆ, ಆದರೆ ಎಸ್ಸೆಸ್ಸೆಲ್ಸಿಗೆ ಗಣಿತ ಬಿಟ್ಟವಳು ಆ 300 ಅಂಕವನ್ನು ಎಲ್ಲಿಂದ ತರುತ್ತಾಳೆ? ನೌಕಾದಳ, ವಾಯುದಳಕ್ಕಂತೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕು.

ಕಲಾ ವಿಭಾಗವನ್ನು ಕೀಳಾಗಿ ನೋಡುತ್ತಿಲ್ಲ. ವಕೀಲೆ ಆಗಬೇಕು, ಕೆಎಎಸ್ ಬರೆಯಬೇಕು, ಶಿಕ್ಷಕಿ ಆಗಬೇಕು ಅನ್ನುವವಳಿಗೆ ಎಚ್‌ಇಪಿಎಸ್ ಒಳ್ಳೆಯ ಆಯ್ಕೆ. ಕಾಲೇಜಿನಲ್ಲಿ ಮನಃಶಾಸ್ತ್ರ ಅಥವಾ ಭೂಗೋಳ ಇದ್ದರೆ ಇನ್ನೂ ಒಳ್ಳೆಯದು. ಅವೆರಡಕ್ಕೂ 70 ಅಂಕದ ಥಿಯರಿ, 30 ಅಂಕದ ಪ್ರಾಯೋಗಿಕ ಇರುವುದರಿಂದ ಹುಡುಗಿ ಕೈಯಾರೆ ಮಾಡಿ ಕಲಿಯುತ್ತಾಳೆ. ತಕರಾರು ಇರುವುದು ಬೇರೆ ಏನೂ ಇಲ್ಲದ್ದಕ್ಕೆ ಕಲಾ ವಿಭಾಗಕ್ಕೆ ಸೇರಿಸುವುದರ ಬಗ್ಗೆ.

ಇನ್ನು ಸೈನ್ಸ್. ಪಿಸಿಎಂಬಿ ತೆಗೆದುಕೊಂಡರೆ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಎಲ್ಲಕ್ಕೂ ದಾರಿ ತೆರೆದಿರುತ್ತದೆ, ಹೊರೆಯೂ ಹಾಗೆಯೇ ಹೆಚ್ಚು. ನರ್ಸಿಂಗ್ ಅಥವಾ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಮಾತ್ರ ಗುರಿಯಾದವಳಿಗೆ ಗಣಿತ ಅರ್ಹತೆಗೆ ಬೇಕಿಲ್ಲ ಎನ್ನುವುದು ನಿಜ. ನೀಟ್‌ನ 720 ಅಂಕದಲ್ಲಿ ಜೀವಶಾಸ್ತ್ರದ್ದೇ 360. ಆದರೆ ಉಳಿದ 360ರಲ್ಲಿ ಅರ್ಧ ಭೌತಶಾಸ್ತ್ರ. ಟ್ರಿಗನೋಮೆಟ್ರಿ, ವೆಕ್ಟರ್, ಸರಳ ಡಿಫರೆನ್ಷಿಯೇಷನ್ ಕೈಗೆ ಹತ್ತದವಳು ಅಲ್ಲಿ ಎಡವುತ್ತಾಳೆ. ಜೀವಶಾಸ್ತ್ರದಲ್ಲಿ 320 ತೆಗೆದು ಭೌತಶಾಸ್ತ್ರದಲ್ಲಿ 40ಕ್ಕೆ ನಿಂತರೆ ಸೀಟು ಕೈತಪ್ಪುತ್ತದೆ. ಕಾರಣ ಹುಡುಕಿಕೊಂಡು ಹೋದರೆ ಬಹಳ ಸಲ ಅದು ಪ್ರಥಮ ಪಿಯುಸಿಯ ಗಣಿತದ ಹತ್ತಿರ ಹೋಗಿ ನಿಲ್ಲುತ್ತದೆ.

ಈ ಪ್ರಥಮ ಪಿಯುಸಿ ನಮ್ಮ ವ್ಯವಸ್ಥೆಯ ದೊಡ್ಡ ಸೋರಿಕೆ. ಬೋರ್ಡ್ ಅಂಕಪಟ್ಟಿಗೆ ದ್ವಿತೀಯ ವರ್ಷದ್ದು ಮಾತ್ರ ಬರುತ್ತದಲ್ಲ ಅಂತ ಮೊದಲ ವರ್ಷವನ್ನು ಹೇಗೋ ದಾಟಿಸುವ ಕಾಲೇಜುಗಳಿವೆ. ಕೆಸಿಇಟಿ (ರಾಜ್ಯದ ಸಿಇಟಿ), ನೀಟ್, ಜೆಇಇ (ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪರೀಕ್ಷೆ) ಮೂರಕ್ಕೂ ಎರಡೂ ವರ್ಷದ ಪಠ್ಯ ಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಪಿಸಿಎಂ ಅಂಕಕ್ಕೆ ಶೇ 50, ಸಿಇಟಿ ಅಂಕಕ್ಕೆ ಶೇ 50 ತೂಕ. ಗಣಿತದಲ್ಲಿ ಈ ನಷ್ಟ ಎದ್ದು ಕಾಣುತ್ತದೆ, ಏಕೆಂದರೆ ಪಾಠಗಳು ಒಂದರ ಮೇಲೊಂದು ನಿಂತಿವೆ. ಮೊದಲ ವರ್ಷ ಟ್ರಿಗನೋಮೆಟ್ರಿ ಸರಿಯಾಗದಿದ್ದರೆ ಎರಡನೇ ವರ್ಷದ ಇನ್‌ವರ್ಸ್ ಟ್ರಿಗನೋಮೆಟ್ರಿ ತಲೆಗೆ ಹೋಗುವುದಿಲ್ಲ, ಇಂಟಿಗ್ರೇಷನ್ ಬರೀ ಸೂತ್ರ ಬಾಯಿಪಾಠವಾಗುತ್ತದೆ. ಲಿಮಿಟ್ ಅರ್ಥವಾಗದವಳಿಗೆ ಡಿಫರೆನ್ಷಿಯೇಷನ್ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ಇದು ಹೆಚ್ಚಾಗಿ ಆಗುವುದು ಹುಡುಗಿಯ ಸೋಮಾರಿತನದಿಂದಲ್ಲ. ತರಗತಿ ಜೂನ್‌ನಲ್ಲಿ ಶುರುವಾಗುತ್ತದೆ, ಖಾಲಿ ಹುದ್ದೆಗೆ ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ವಾರಗಳು ಉರುಳಿರುತ್ತವೆ. ಸೆಟ್ಸ್, ಫಂಕ್ಷನ್ಸ್, ಟ್ರಿಗನೋಮೆಟ್ರಿ ಇರುವುದು ಪುಸ್ತಕದ ಶುರುವಿನಲ್ಲೇ. ಕಳೆದುಹೋಗುವುದು ಅಡಿಪಾಯದ ಅಧ್ಯಾಯಗಳೇ.

ಕನ್ನಡ ಮಾಧ್ಯಮದಿಂದ ಬಂದವಳಿಗೆ ಇದೇ ತಿಂಗಳುಗಳಲ್ಲಿ ಇನ್ನೊಂದು ಭಾರ ಬೀಳುತ್ತದೆ. ಲೆಕ್ಕ ಮಾಡಲು ಬರುತ್ತದೆ, ಇಂಗ್ಲಿಷಿನಲ್ಲಿರುವ ಪ್ರಶ್ನೆ ಏನು ಕೇಳುತ್ತಿದೆ ಅಂತ ತಿಳಿಯುವುದಿಲ್ಲ. ಒಳ್ಳೆಯ ವಿಭಾಗವಾದರೆ ಮೊದಲ ಮೂರ್ನಾಲ್ಕು ವಾರ ಬ್ರಿಡ್ಜ್ ಕೋರ್ಸ್ ನಡೆಸುತ್ತದೆ: ಹತ್ತನೇ ತರಗತಿಯಲ್ಲಿ ಗೊತ್ತಿದ್ದ ವಿಷಯವನ್ನೇ ತೆಗೆದುಕೊಂಡು, ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದಿಸಿ, ಕನ್ನಡದಲ್ಲಿ ವಿವರಿಸಿ, ಮತ್ತೆ ಇಂಗ್ಲಿಷಿನಲ್ಲಿ ಬರೆಸುವುದು. ಹೊಸ ಪಾಠ, ಹೊಸ ಭಾಷೆ ಎರಡನ್ನೂ ಒಂದೇ ದಿನ ತಲೆಗೆ ತುಂಬಿದರೆ ಆಗಸ್ಟ್ ಹೊತ್ತಿಗೆ ಆ ಹುಡುಗಿ ಕಾಂಬಿನೇಷನ್ ಬದಲಿಸುತ್ತೇನೆ ಅಂತ ಕಚೇರಿಗೆ ಬಂದು ನಿಲ್ಲುತ್ತಾಳೆ. ಬ್ರಿಡ್ಜ್ ಕೋರ್ಸ್ ಇದೆಯಾ ಅಂತ ದಯವಿಟ್ಟು ಕೇಳಿ. ಹೆಸರಿಗೆ ಇದೆಯೋ, ವೇಳಾಪಟ್ಟಿಯಲ್ಲಿ ಇದೆಯೋ ಅಂತಲೂ ನೋಡಿ.

ಲ್ಯಾಬ್ ನೋಡುವ ವಿಷಯದಲ್ಲಂತೂ ನಾಚಿಕೆ ಬೇಡ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರಕ್ಕೂ ಪ್ರಾಯೋಗಿಕಕ್ಕೆ ತಲಾ 30 ಅಂಕವಿದೆ. ರಸಾಯನಶಾಸ್ತ್ರದ ಲ್ಯಾಬಿಗೆ ಹೋಗಿ ಬ್ಯೂರೆಟ್ (ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಎಷ್ಟಿವೆ ಅಂತ ಎಣಿಸಿ. ಒಂದು ಬ್ಯಾಚಿನ ಪ್ರತಿ ಹುಡುಗಿಗೂ ಒಂದು ಬ್ಯೂರೆಟ್ ಇರಬೇಕು. ಇಲ್ಲದಿದ್ದರೆ ನಾಲ್ಕು ಜನರ ಗುಂಪಿನಲ್ಲಿ ಒಬ್ಬಳು ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬಿಡುವ ಪ್ರಯೋಗ) ಮಾಡುತ್ತಾಳೆ, ಉಳಿದವರು ಅವಳ ರೀಡಿಂಗ್ ನಕಲು ಮಾಡುತ್ತಾರೆ. ಪರೀಕ್ಷೆಯ ದಿನ ಒಬ್ಬಳೇ ನಿಂತಾಗ ಗೊತ್ತಾಗುತ್ತದೆ ಕಲಿತದ್ದೆಷ್ಟು ಅಂತ. ಬ್ಯೂರೆಟ್‌ಗೆ ತುಂಬುವ ಪೊಟ್ಯಾಸಿಯಂ ಪರ್ಮಾಂಗನೇಟ್ ರಬ್ಬರನ್ನು ತಿನ್ನುತ್ತದೆ, ಹಾಗಾಗಿ ಗಾಜಿನ ಸ್ಟಾಪ್‌ಕಾಕ್ ಇರುವ ಬ್ಯೂರೆಟ್ ಬೇಕು. ಅದು ಸೋರಿದರೆ ರೀಡಿಂಗ್ ತಪ್ಪುತ್ತದೆ. ಆಕ್ಸಾಲಿಕ್ ಆಮ್ಲದ ದ್ರಾವಣವನ್ನು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿಯೇ ಟೈಟ್ರೇಟ್ ಮಾಡಬೇಕು, ಮೋಹರ್ಸ್ ಸಾಲ್ಟ್ ಎಂಬ ಕಬ್ಬಿಣದ ಲವಣದ ದ್ರಾವಣವನ್ನು ಬಿಸಿ ಮಾಡಬಾರದು. ಸಲ್ಫ್ಯೂರಿಕ್ ಆಮ್ಲ ಕಡಿಮೆ ಬಿದ್ದರೆ ಕೊನೆಗೆ ಬರಬೇಕಾದ ತಿಳಿಗುಲಾಬಿ ಬಣ್ಣದ ಬದಲು ಕಂದು ಗಸಿ ಕಾಣಿಸಿಕೊಳ್ಳುತ್ತದೆ. ಪರ್ಮಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಬ್ಯೂರೆಟ್‌ನಲ್ಲಿ ದ್ರವದ ಮೇಲಂಚನ್ನೇ ಓದಬೇಕು. ಇವೆಲ್ಲ ರೆಕಾರ್ಡ್ ಪುಸ್ತಕ ತುಂಬಿಸಿದ್ದರಿಂದ ಬರುವ ತಿಳಿವಳಿಕೆಯಲ್ಲ. ಹೆಣ್ಣುಮಕ್ಕಳದ್ದೇ ಕಾಲೇಜು ಇರಬೇಕು ಎನ್ನುವುದಕ್ಕೆ ನನಗೆ ಒಪ್ಪಿಗೆಯಾಗುವ ಗಟ್ಟಿ ಕಾರಣ ಇದು: ಉಪಕರಣಕ್ಕೆ ಕೈ ಹಾಕುವವಳೂ ಅವಳೇ, ಕೆಟ್ಟರೆ ಬಿಚ್ಚಿ ನೋಡುವವಳೂ ಅವಳೇ. ಬೀಗ ಹಾಕಿದ ಲ್ಯಾಬ್ ಇಟ್ಟುಕೊಂಡರೆ ಆ ಕಾರಣವೂ ಉಳಿಯುವುದಿಲ್ಲ.

ಭಾಷೆಗಳ ಬಗ್ಗೆ ಒಂದೇ ಮಾತು. ಬೇರೆ ಭಾಷೆಯಲ್ಲಿ ಹೆಚ್ಚು ಅಂಕ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕನ್ನಡ ಬಿಡಿಸಬೇಡಿ. ಭಾಷೆಯ ಅಂಕ ಸಿಇಟಿ ರ‍್ಯಾಂಕಿಗೆ ಸೇರುವುದೇ ಇಲ್ಲ.

ವೇಳಾಪಟ್ಟಿಯನ್ನೂ ಕೇಳಿ ನೋಡಿ. ಪ್ರಾಯೋಗಿಕ ತರಗತಿಗಳನ್ನು ಕೊನೆಯ ಅವಧಿಗೆ ಇಟ್ಟರೆ ಹಳ್ಳಿಯ ಬಸ್ ಹಿಡಿಯಬೇಕಾದ ಹುಡುಗಿಯರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಪಟ್ಟಣದವರ ಲ್ಯಾಬ್ ಮಧ್ಯಾಹ್ನಕ್ಕೆ, ದೂರದಿಂದ ಬರುವವರ ಬ್ಯಾಚ್ ಬೆಳಿಗ್ಗೆಗೆ ಹಾಕುವುದು ಅಂಥ ಕಷ್ಟದ ಕೆಲಸವೇನಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಸ್ವಂತ ಊರಿನ ಕಾಲೇಜಿನಲ್ಲಿ ಬೇಕಾದ ಕಾಂಬಿನೇಷನ್ ಇಲ್ಲದಿದ್ದರೆ ಇಪ್ಪತ್ತು ಕಿಲೋಮೀಟರ್ ಆಚೆ ಇರುವ ಕಾಲೇಜನ್ನು ಈಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬಸ್ಸಿನ ಸಮಯ ಹೊಂದುತ್ತದೆಯೇ ಅಂತ ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ, ಶೇ 75 ಹಾಜರಾತಿ ಬೇಕೇ ಬೇಕು.

ಸೇರಿಸಿದ ಮೇಲೆ ತಪ್ಪು ಕಾಂಬಿನೇಷನ್ ಅನ್ನಿಸಿದರೆ ಮೊದಲ ಕೆಲವು ವಾರಗಳಲ್ಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಕಿರುಪರೀಕ್ಷೆ ಆಗಲಿ, ನೋಡೋಣ ಅಂತ ಕಾಯಬೇಡಿ, ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಗಣಿತವೋ ಸ್ಟ್ಯಾಟಿಸ್ಟಿಕ್ಸೋ ಇಲ್ಲವೇ ಇಲ್ಲ ಅಂದರೆ ಕೇಳಬೇಕಾದ ಜಾಗ ಕಾಲೇಜು ಅಭಿವೃದ್ಧಿ ಸಮಿತಿ. ಕ್ಷೇತ್ರದ ಶಾಸಕರೇ ಅದರ ಅಧ್ಯಕ್ಷರು. ಹೊಸ ಕಾಂಬಿನೇಷನ್‌ಗೆ ಇಲಾಖೆಯ ಅನುಮತಿ ಬೇಕಾಗುವುದರಿಂದ ಮನವಿ ಜೂನ್‌ಗಿಂತ ಬಹಳ ಮೊದಲೇ ಹೋಗಬೇಕು. ಸುತ್ತಲಿನ ಪ್ರೌಢಶಾಲೆಗಳಲ್ಲಿ ಈ ವರ್ಷ ಹತ್ತನೇ ತರಗತಿಯಲ್ಲಿರುವ ಹುಡುಗಿಯರೆಷ್ಟು, ಅವರಲ್ಲಿ ಆ ವಿಷಯ ಬೇಕು ಅನ್ನುವವರೆಷ್ಟು ಅಂತ ಶಾಲೆವಾರು ಬರೆದು, ಪೋಷಕರ ಸಹಿ ಹಾಕಿಸಿ ಕೊಡಿ. ಬರೀ ಕಾಂಬಿನೇಷನ್ ಕೇಳಬೇಡಿ. ಉಪನ್ಯಾಸಕರ ಹುದ್ದೆಯನ್ನೂ ಅದೇ ಪತ್ರದಲ್ಲಿ ಕೇಳಿ.