ಹಿಮ್ಮಡಿ ಕಟ್ಟಿದರೆ ಒಂದಾಟ, ಬಿಟ್ಟರೆ ಇನ್ನೊಂದು

ಅಮೆರಿಕದ ಡೆನ್ವರ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಸ್ಕೀ ಕಲಿಯೋಕೆ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರೋಕೆ, ಹೋಗಿದ್ದೆ. ಅರ್ಧ ದಿನ ಬಿದ್ದೆ, ಇನ್ನರ್ಧ ದಿನ ಎದ್ದೆ. ನಾಲ್ಕು ವರ್ಷದ ಮಕ್ಕಳು ಪಕ್ಕದಲ್ಲೇ ಸುಯ್ಯನೆ ಜಾರಿಕೊಂಡು ಹೋಗುತ್ತಿದ್ದವು. ಆಮೇಲೆ ಸ್ಕೀ ಮಾಡುವ ಆಸೆ ಬಿಟ್ಟು ಅದರ ಹಳೇ ಕಥೆ ಓದುವ ಚಟ ಹಿಡಿಸಿಕೊಂಡೆ. ಅದಕ್ಕೆ ಮೊಣಕಾಲು ಗಟ್ಟಿ ಇರಬೇಕಾಗಿಲ್ಲ ನೋಡಿ.

ಹಾಗೆ ಸಿಕ್ಕಿದ್ದು 1954. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಆ ವರ್ಷ ಮೊದಲ ಸಲ ಸ್ಕೀ ಚಾಂಪಿಯನ್‌ಶಿಪ್ ಇಟ್ಟಿತು, ನೆವಾಡಾದ ರೀನೊದಲ್ಲಿ. ಗೆದ್ದಿದ್ದು ನಮ್ಮೂರಿನ ಡೆನ್ವರ್ ವಿಶ್ವವಿದ್ಯಾಲಯ. 1957ರ ತನಕ ಸತತ ನಾಲ್ಕು ಸಲ ಅವರದ್ದೇ. 1958ರಲ್ಲಿ ಡಾರ್ಟ್‌ಮತ್ ಕಾಲೇಜು ಅವರನ್ನು ಕೆಳಗಿಳಿಸಿತು.

ಯಾರು ಗೆದ್ದರು ಅನ್ನೋದಕ್ಕಿಂತ ಏನು ಆಡಿದರು ಅನ್ನೋದು ನನಗೆ ಜಾಸ್ತಿ ಹಿಡಿಸಿತು. ಆಗ ಆಟ ನಾಲ್ಕು. ಇಳಿಜಾರಲ್ಲಿ ವೇಗವಾಗಿ ಇಳಿಯುವ ಡೌನ್‌ಹಿಲ್, ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಲಾಲಮ್, ಹಿಮದ ದಾರಿಯಲ್ಲಿ ದೂರ ಸಾಗುವ ಕ್ರಾಸ್ ಕಂಟ್ರಿ, ಎತ್ತರದಿಂದ ಹಾರುವ ಜಂಪಿಂಗ್. ನಾಲ್ಕರಲ್ಲೂ ಇಳಿದು ಒಟ್ಟಾರೆ ಮೇಲೆ ನಿಂತವನಿಗೆ 'ಸ್ಕೀಮೈಸ್ಟರ್' ಅಂತ ಬಿರುದು.

ನಾಲ್ಕೂ ಸ್ಕೀ ತಾನೇ, ಏನು ದೊಡ್ಡ ವಿಷಯ ಅನ್ನಬೇಡಿ. ಇಳಿಜಾರಿನ ಆಟಗಳಲ್ಲಿ, ಅಂದರೆ ಡೌನ್‌ಹಿಲ್ ಮತ್ತು ಸ್ಲಾಲಮ್‌ನಲ್ಲಿ, ಹಿಮ್ಮಡಿಯನ್ನು ಸ್ಕೀಗೆ ಬಿಗಿದು ಕಟ್ಟಿರುತ್ತಾರೆ. ಕ್ರಾಸ್ ಕಂಟ್ರಿಯಲ್ಲಿ ಹಿಮ್ಮಡಿ ಎದ್ದೇಳಲೇಬೇಕು, ಇಲ್ಲದಿದ್ದರೆ ಹೆಜ್ಜೆಯೇ ಹಾಕೋಕಾಗಲ್ಲ. ಜಂಪಿಂಗ್‌ನಲ್ಲೂ ಹಿಮ್ಮಡಿ ಬಿಟ್ಟೇ ಇರಬೇಕು, ಗಾಳಿಯಲ್ಲಿ ಮೈಯೆಲ್ಲ ಮುಂದಕ್ಕೆ ಬಾಗಬೇಕಲ್ಲ. ಒಂದೇ ಕಾಲಿಗೆ ಎರಡು ವಿರುದ್ಧ ಅಭ್ಯಾಸ! ಕ್ರಾಸ್ ಕಂಟ್ರಿಗೆ ಸ್ಕೀ ತಳಕ್ಕೆ ಮೇಣ ಬಳಿಯೋದು ಬೇರೆಯೇ ವಿದ್ಯೆ. ಒಣ ಹಿಮಕ್ಕೆ ಗಟ್ಟಿ ಮೇಣ, ಕರಗುವ ಹಿಮಕ್ಕೆ ಅಂಟಂಟು ಮೇಣ. ದೋಸೆ ಕಾವಲಿ ಇದ್ದಂಗೆ. ಹದ ತಪ್ಪಿದರೆ ಒಂದೋ ಅಂಟುತ್ತೆ, ಇಲ್ಲಾ ಜಾರುತ್ತೆ.

ಚರ್ಮದ ಬೂಟಿನ ಕಾಲ ಅದು. ಬೂಟನ್ನು ಸ್ಕೀಗೆ ಕಟ್ಟುವ, ಬಿದ್ದರೂ ಬಿಡದೆ ಕಾಲು ಹಿಡಿದುಕೊಳ್ಳುವ ಬೈಂಡಿಂಗ್‌ಗಳಿಗೆ 'ಕರಡಿ ಬೋನು' ಅಂತಲೇ ಹೆಸರಿತ್ತು. ಕಾಲು ಮುರಿದುಕೊಂಡವರು ಎಷ್ಟೋ.

ಡೆನ್ವರ್ ತಂಡದ ಹಿಂದೆ ಇದ್ದವರು ಅದರ ಕೋಚ್ ವಿಲ್ಲಿ ಶೆಫ್ಲರ್. ಜರ್ಮನಿಯವರು, ಶಿಸ್ತು ಅಂದರೆ ಶಿಸ್ತು. ಹಿಮ ಬೀಳುವ ಮೊದಲೇ ಹುಡುಗರನ್ನು ನೆಲದ ಮೇಲೆ ಓಡಿಸಿ ಸುಸ್ತು ಮಾಡೋರು. ಒಟ್ಟು 13 ಎನ್‌ಸಿಎಎ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಜಿಗಿತಕ್ಕೆ ಅಂತ ನಾರ್ವೆಯ ಹುಡುಗರನ್ನೂ ಕರೆತಂದರು. ಅವರು ಹೊರಗಿನವರು ಅನ್ನೋದು ನನಗೆ ತಕರಾರಲ್ಲ. ನಾನೂ ಹೊರಗಿನಿಂದಲೇ ಬಂದವನು! ಡಾರ್ಟ್‌ಮತ್‌ನಲ್ಲಿ ಓದುತ್ತಿದ್ದ ಚಿಹಾರು ಇಗಾಯಾ ಜಪಾನಿನವರು. 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಬೆಳ್ಳಿ ಗೆದ್ದರು, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಪಾನಿಗೆ ಅದೇ ಮೊದಲ ಪದಕ. ಅಂಥವರ ಜೊತೆ ಸ್ಪರ್ಧೆಗೆ ಇಳಿಯೋದು ಕಾಲೇಜು ಹುಡುಗರಿಗೆ ಪುಣ್ಯವೇ.

ನನ್ನ ತಕರಾರು ಬೇರೆ. ಒಂದೊಂದು ಆಟಕ್ಕೆ ಒಬ್ಬೊಬ್ಬ ಪಂಟರ್ ಸಿಗೋಕೆ ಶುರುವಾದ ಮೇಲೆ ನಾಲ್ಕರಲ್ಲೂ ಸುಮಾರಾಗಿ ಆಡುವವನನ್ನು ಯಾರು ಕೇಳ್ತಾರೆ? ಆಲ್‌ರೌಂಡರ್ ಮೂಲೆಗೆ ಸರಿಯೋಕೆ ಅಲ್ಲಿಂದಲೇ ದಾರಿಯಾಯಿತು ಅಂತ ನನ್ನ ಅನಿಸಿಕೆ. ನಮ್ಮ ಡೆನ್ವರ್‌ಗೂ ಅದರಲ್ಲಿ ಪಾಲಿದೆ, ಒಪ್ಪಿಕೊಳ್ಳಬೇಕು.

1980ರ ನಂತರ ಎನ್‌ಸಿಎಎ ಜಂಪಿಂಗ್ ಕೈಬಿಟ್ಟಿತು. ಡೌನ್‌ಹಿಲ್ ಕೂಡ ಈಗಿಲ್ಲ, ಆ ಜಾಗದಲ್ಲಿ ಕಂಬಗಳು ಇನ್ನೂ ದೂರ ದೂರ ಇರುವ ಜೈಂಟ್ ಸ್ಲಾಲಮ್ ಇದೆ. ಹಳೇ ಕಾಲವೇ ಚೆಂದ ಅಂತ ಸುಮ್ನೆ ಹೇಳೋಕೂ ಮನಸ್ಸು ಬರಲ್ಲ. 1954ರಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವೇ ಇರಲಿಲ್ಲ. 1983ರಿಂದ ಗಂಡು ಹೆಣ್ಣು ಇಬ್ಬರ ಅಂಕವೂ ಸೇರಿ ಒಂದೇ ತಂಡ ಗೆಲ್ಲುತ್ತೆ. ಇಂಥ ನಿಯಮ ಎಷ್ಟು ಆಟಗಳಲ್ಲಿದೆ ಹೇಳಿ. ಆದರೂ ಸ್ಕೀಮೈಸ್ಟರ್ ಬಿರುದು ಹೋಗಿದ್ದಕ್ಕೆ ನನಗೆ ಬೇಜಾರಿದೆ.

ಹೋದ ವರ್ಷ ನಮ್ಮ ಕೊಲೊರಾಡೊ ರಾಜ್ಯದ್ದೇ ಆದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಊರಿಗೆ ಹೋಗಿದ್ದೆವು. ಅಲ್ಲಿನ ಹೌವೆಲ್ಸನ್ ಹಿಲ್‌ನಲ್ಲಿ ನೂರು ವರ್ಷದಿಂದ ಜಿಗಿಯುತ್ತಿದ್ದಾರೆ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಸಣ್ಣ ಜಂಪ್‌ನಿಂದ ಹಾರಿ ಇಳಿದಳು. ಬೇಲಿ ಪಕ್ಕ ಕೂತು ಆ ಅಗಲದ ಸ್ಕೀ ಕಳಚಿದಳು. ಅಮ್ಮ ಕೊಟ್ಟ ಬಾಳೆಹಣ್ಣು ಬಾಯಿಗೆ ತುರುಕಿಕೊಂಡು, ಸಪೂರ ಸ್ಕೀ ಹಾಕಿಕೊಂಡು ಕ್ರಾಸ್ ಕಂಟ್ರಿ ದಾರಿ ಕಡೆ ಹೊರಟೇ ಬಿಟ್ಟಳು.