ಆ ಪುಟ್ಟ ಕ್ಯಾಮೆರಾ ಎಸೆಯಬೇಡಿ

ಮನೆಯಲ್ಲಿ ಎಲ್ಲಾದರೂ ಒಂದು ಪುಟ್ಟ ಕ್ಯಾಸೆಟ್ಟಿನಲ್ಲಿ ವಿಡಿಯೊ ತೆಗೆಯುವ ಹಳೆಯ ಮಿನಿ ಡಿವಿ ಕ್ಯಾಮ್‌ಕಾರ್ಡರ್ ಇದೆಯಾ? ಅಂಗೈಯಲ್ಲಿ ಸರಿಯಾಗಿ ಕೂರುವಂಥದ್ದು, ಪಕ್ಕಕ್ಕೆ ಬಾಗಿಲಿನ ಹಾಗೆ ತೆರೆಯುವ ಪುಟ್ಟ ಪರದೆ ಇರುವಂಥದ್ದು? ಅದು ಕೆಟ್ಟಿದ್ದರೂ ಎಸೆಯಬೇಡಿ, ಗುಜರಿಗೂ ಹಾಕಬೇಡಿ. ನಾನು ನನ್ನದನ್ನು ಎಸೆದೆ. ಅದರಿಂದ ಏನು ಕಳೆದುಕೊಂಡೆ ಅಂತ ಹೋದ ತಿಂಗಳು ಗೊತ್ತಾಯಿತು.

ನನ್ನ ಹತ್ತಿರ 23 ಕ್ಯಾಸೆಟ್‌ಗಳಿದ್ದವು. ಗೆಳೆಯನೊಬ್ಬನ ಕ್ಯಾಮ್‌ಕಾರ್ಡರ್ ಎರವಲು ತಂದು, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಕೂತೆ. 21 ಚೆನ್ನಾಗಿ ಬಂದವು. ಎರಡು ಬರಲಿಲ್ಲ. ಆ ಎರಡರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡಿವಿ ಕ್ಯಾಮೆರಾಗಳು ಬಂದಿದ್ದು 1995ರಲ್ಲಿ. ನಾನು ಕೊಂಡಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಬರೀ 6.35 ಮಿಲಿಮೀಟರ್ ಅಗಲದ ಟೇಪ್, ಅದರಲ್ಲಿ ಒಂದು ಗಂಟೆಯ ಡಿಜಿಟಲ್ ವಿಡಿಯೊ. ಹಗಲು ಬೆಳಕಿನಲ್ಲಿ ತೆಗೆದದ್ದು ಈಗಲೂ ಕಣ್ಣಿಗೆ ಹಿತವಾಗಿದೆ. ಸಂಜೆ ಮನೆಯೊಳಗೆ ತೆಗೆದದ್ದರ ತುಂಬ ಮಾತ್ರ ಚುಕ್ಕೆಗಳು. ಚಿಕ್ಕ ಕ್ಯಾಮೆರಾ ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ ಕೂಡ ಚಿಕ್ಕದು, ಅದಕ್ಕೆ ಬೆಳಕು ಸಾಲುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ 700 ಪಟ್ಟು ಜೂಮ್ ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಲೆನ್ಸಿನ ನಿಜವಾದ ಜೂಮ್ 10 ಪಟ್ಟು ಅಷ್ಟೇ. ಅದರಾಚೆಗಿನದೆಲ್ಲ ಚಿತ್ರವನ್ನು ಹಿಗ್ಗಿಸುವ ಕೆಲಸ. ಡಿಜಿಟಲ್ ಜೂಮನ್ನು ಮೊದಲ ವಾರವೇ ಆಫ್ ಮಾಡಿಟ್ಟೆ. ಒಳ್ಳೆಯದೇ ಮಾಡಿದೆ.

ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಇನ್ನೆರಡು ತೊಂದರೆಗಳಿದ್ದವು. ಕ್ಯಾಸೆಟ್ ಹಾಕುವ ಬಾಗಿಲು ತಳದಲ್ಲಿ. ಟ್ರೈಪಾಡ್ ಮೇಲೆ ಕೂರಿಸಿದ್ದರೆ, ಟೇಪ್ ಮುಗಿದಾಗ ಕ್ಯಾಮೆರಾ ಬಿಚ್ಚಲೇಬೇಕು. ಆ ಅರ್ಧ ನಿಮಿಷದಲ್ಲೇ ನೋಡಬೇಕಾದದ್ದು ನಡೆದುಹೋಗಿರುತ್ತಿತ್ತು. ಇನ್ನೊಂದು, ಮೋಟರಿನ ಸದ್ದು. ಇಷ್ಟು ಚಿಕ್ಕ ಡಬ್ಬಿಯೊಳಗೆ ಟೇಪಿನ ಮೇಲೆ ಬರೆಯುವ, ಓದುವ ಹೆಡ್ ಇರುವ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಅದರ ಪಕ್ಕದಲ್ಲೇ ಮೈಕ್. ಎಲ್ಲರೂ ಸುಮ್ಮನಿದ್ದಾಗ ಗುಂಯ್ ಅನ್ನುವ ಸದ್ದು ಕೇಳಿಸುತ್ತದೆ. ಆಗ ಅದು ಕೇಳಿದರೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ.

ಒಂದು ದಿನ ಪರದೆ ಪೂರ್ತಿ ಕಪ್ಪಾಯಿತು. ಮೆನು ಕಾಣುತ್ತದೆ, ದಿನಾಂಕ ಕಾಣುತ್ತದೆ, ಎದುರಿನ ದೃಶ್ಯ ಮಾತ್ರ ಕಾಣುವುದಿಲ್ಲ. ತೋರಿಸಿದ ಕಡೆ, ಸೆನ್ಸರ್ ಹೋಗಿದೆ, ರಿಪೇರಿಗಿಂತ ಹೊಸದು ವಾಸಿ ಅಂದರು. ನಂಬಿದೆ. ಆದರೆ 2002ರ ಕೊನೆಯಿಂದ 2004ರ ಶುರುವಿನವರೆಗೆ ತಯಾರಾದ ಕೆಲವು ಸೆನ್ಸರ್‌ಗಳಲ್ಲೇ ದೋಷವಿತ್ತು. ಬಿಸಿ ಮತ್ತು ತೇವ ತಗುಲಿ ಒಳಗಿನ ಸಣ್ಣ ತಂತಿಗಳ ಜೋಡಣೆ ಬಿಟ್ಟುಹೋಗುತ್ತಿತ್ತು. ಹಲವು ತಯಾರಕರು 2005ರಲ್ಲಿ ಅದನ್ನು ಒಪ್ಪಿಕೊಂಡು ಉಚಿತವಾಗಿ ಬದಲಾಯಿಸಿಕೊಟ್ಟರು. ನನ್ನದೂ ಅದೇ ಕಾಲದ ಕ್ಯಾಮೆರಾ. ನಾನು ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ನನಗೆ ಯಾರೂ ಹೇಳಲಿಲ್ಲ. ಸೆನ್ಸರ್ ಸತ್ತ ಕ್ಯಾಮೆರಾ ಹೊಸದಾಗಿ ಚಿತ್ರ ತೆಗೆಯಲಾರದು, ನಿಜ. ಆದರೆ ಹಳೆಯ ಕ್ಯಾಸೆಟ್ ಓದಬಲ್ಲದು! ಅದರ ಟೇಪ್ ಭಾಗ ಬೇರೆ, ಕಣ್ಣಿನ ಭಾಗ ಬೇರೆ. ಕಣ್ಣು ಹೋಯಿತು ಅಂತ ನೆನಪನ್ನೂ ಎಸೆದುಬಿಟ್ಟೆ.

ಈಗ ಆ ಎರಡು ಕ್ಯಾಸೆಟ್‌ಗಳು. ಅವನ್ನು ಎಲ್‌ಪಿ ಮೋಡ್‌ನಲ್ಲಿ ತೆಗೆದಿದ್ದೆ. 60 ನಿಮಿಷದ ಟೇಪಿನಲ್ಲಿ 90 ನಿಮಿಷ ಹಿಡಿಸುವ ಮೋಡ್ ಅದು. ಟೇಪ್ ನಿಧಾನವಾಗಿ ಓಡುತ್ತದೆ. ಹಾಗಾಗಿ ಟೇಪಿನ ಮೇಲೆ ಚಿತ್ರ ಬರೆದಿರುವ, 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲ ಇರಬೇಕಾದ ಗೆರೆಗಳು 6.7 ಮೈಕ್ರಾನ್‌ಗೆ ಇಳಿಯುತ್ತವೆ. ಪ್ರತಿ ಕ್ಯಾಮೆರಾದ ಹೆಡ್ ಜೋಡಣೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅಗಲ ಗೆರೆಯಾದರೆ ಬೇರೆ ಕ್ಯಾಮೆರಾವೂ ಸಂಭಾಳಿಸುತ್ತದೆ. ಸಣ್ಣ ಗೆರೆಯನ್ನು ಬರೆದ ಕ್ಯಾಮೆರಾವೇ ಓದಬೇಕು, ಎಷ್ಟೋ ಸಲ. ಬರೆದ ಕ್ಯಾಮೆರಾ ನನ್ನ ಹತ್ತಿರ ಇಲ್ಲ.

ಹಾಗಾಗಿ, ಕ್ಯಾಸೆಟ್ ಇಟ್ಟುಕೊಂಡಿರುವವರು ದಯವಿಟ್ಟು ಈ ವರ್ಷವೇ ಇಳಿಸಿಕೊಳ್ಳಿ. ಕ್ಯಾಮೆರಾದಲ್ಲಿರುವ ಯುಎಸ್‌ಬಿ ತೂತು ನೋಡಿ ಮೋಸಹೋಗಬೇಡಿ. ಹೆಚ್ಚಿನವುಗಳಲ್ಲಿ ಅದು ಫೋಟೊಗಳಿಗೆ, ಇಲ್ಲವೇ ಕಳಪೆ ವಿಡಿಯೊಗೆ. ಬೇಕಾದದ್ದು ಡಿವಿ ಅಂತ ಬರೆದಿರುವ ಪುಟ್ಟ ನಾಲ್ಕು ಪಿನ್ನಿನ ಕಿಂಡಿ, ಅಂದರೆ ಫೈರ್‌ವೈರ್. ಅದರಲ್ಲಿ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆಯೇ ಬರುತ್ತದೆ, ತೆಗೆದ ದಿನ ಮತ್ತು ಸಮಯದ ಸಮೇತ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗ ಬೇಕು. ಹೊಸ ಕಂಪ್ಯೂಟರ್‌ಗಳಲ್ಲಿ ಈ ಕಿಂಡಿಯೇ ಇಲ್ಲ. ಆಪಲ್ ಕಂಪ್ಯೂಟರ್‌ಗಳಿಗೆ 2025ರಲ್ಲಿ ಬಂದ ಮ್ಯಾಕ್ ಒಎಸ್ 26ರಲ್ಲಂತೂ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಮೂಲೆಯಲ್ಲಿರುವ ಹಳೆಯ ಕಂಪ್ಯೂಟರನ್ನೂ ಹಾಗೇ ಉಳಿಸಿಕೊಳ್ಳಿ.

ಶುರು ಮಾಡುವ ಮೊದಲು ಪ್ರತಿ ಕ್ಯಾಸೆಟ್ಟಿನ ಹಿಂದಿರುವ ಸಣ್ಣ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ. ಇಲ್ಲದಿದ್ದರೆ ಕೈತಪ್ಪಿ ರೆಕಾರ್ಡ್ ಮಾಡುವ ಕೆಂಪು ಬಟನ್ ಒತ್ತಿದರೂ ಹಳೆಯದು ಅಳಿಸಿಹೋಗುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆದರೆ ಗಾಬರಿ ಬೇಡ, ಹೆಡ್ ಮೇಲೆ ಕೊಳೆ ಕೂತಿರಬಹುದು. ಕ್ಲೀನಿಂಗ್ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಿರುವಷ್ಟೇ ಸೆಕೆಂಡು ಓಡಿಸಿ. ಜಾಸ್ತಿ ಓಡಿಸಿದರೆ ಹೆಡ್ ಸವೆಯುತ್ತದೆ.

ಆ 21 ಕ್ಯಾಸೆಟ್‌ಗಳಲ್ಲಿ ಏನು ಸಿಕ್ಕಿತು ಗೊತ್ತಾ? ನಾನು ತೆಗೆಯಬೇಕು ಅಂದುಕೊಂಡು ತೆಗೆದ ಯಾವುದೂ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಸಾಲಾಗಿ ನಿಂತು ನಗುವುದು, ಕೈ ಬೀಸುವುದು, ಎಲ್ಲ ಒಂದೇ ಥರ. ಆದರೆ ಒಂದು ಕಡೆ ಕ್ಯಾಮೆರಾ ಆಫ್ ಮಾಡುವುದನ್ನು ಮರೆತು ಮೇಜಿನ ಮೇಲೆ ಇಟ್ಟಿದ್ದೆ. 18 ನಿಮಿಷ. ಕುರ್ಚಿಯ ಕಾಲು ಮಾತ್ರ ಕಾಣುತ್ತದೆ. ಪಕ್ಕದ ಕೋಣೆಯಲ್ಲಿ ಅಪ್ಪ, ಅಮ್ಮ ಮಾತಾಡುತ್ತಿದ್ದಾರೆ, ಯಾವುದೋ ಬಿಲ್ ಕಟ್ಟುವ ವಿಷಯ. ಅಮ್ಮ ಏನೋ ಅಂದರು, ಅಪ್ಪ ನಕ್ಕರು. ಕ್ಯಾಮೆರಾ ಎದುರು ಅಪ್ಪ ಯಾವತ್ತೂ ಹಾಗೆ ನಕ್ಕವರಲ್ಲ. ಮೋಟರಿನ ಸದ್ದಿನ ಹಿಂದೆ ಆ ನಗು ಸ್ಪಷ್ಟವಾಗಿ ಕೇಳುತ್ತದೆ. ಆ 18 ನಿಮಿಷವನ್ನು ನಾಲ್ಕು ಸಲ ನೋಡಿದ್ದೇನೆ. ಫೋನಿನಲ್ಲಿ ಹತ್ತು ಸೆಕೆಂಡಿಗೆ ನಿಲ್ಲಿಸಿ, ಬೇಡದ್ದನ್ನು ಆಗಲೇ ಅಳಿಸುವ ನಮಗೆ ಇಂಥದ್ದು ಇನ್ನು ಸಿಗುತ್ತದಾ ಅಂತ ನಿಜವಾಗಿಯೂ ಚಿಂತೆಯಾಗುತ್ತದೆ.

ಬಾರದ ಎರಡು ಕ್ಯಾಸೆಟ್‌ಗಳಲ್ಲಿ ಅಜ್ಜಿ ಇದ್ದಾರೆ. ಅಜ್ಜಿಯನ್ನು ನಾನು ತೆಗೆದದ್ದು ಅವೆರಡರಲ್ಲೇ. ನನ್ನ ಹಳೆಯ ಕ್ಯಾಮೆರಾದ ಮಾದರಿಯದೇ ಇನ್ನೊಂದನ್ನು ಹುಡುಕುತ್ತಿದ್ದೇನೆ. ಸಿಕ್ಕರೂ ಓದುತ್ತದೆ ಅನ್ನುವ ಭರವಸೆ ಇಲ್ಲ, ಆದರೂ ಹುಡುಕುತ್ತೇನೆ. ಗೆಳೆಯನ ಕ್ಯಾಮೆರಾದಲ್ಲಿ ಹಾಕಿದಾಗ ಪರದೆ ತುಂಬ ಬರೀ ಚೌಕಗಳು, ಸದ್ದೇ ಇಲ್ಲ. ಒಂದೇ ಒಂದು ಸಲ ಎರಡು ಸೆಕೆಂಡು ಟೇಪ್ ಹಿಡಿಯಿತು. ಮುಖ ಕಾಣಲಿಲ್ಲ, ಧ್ವನಿ ಬಂತು. “ಎಲ್ಲಿ ನೋಡ್ಲಿ ನಾನು?” ಅಂತ ಕೇಳುತ್ತಿದ್ದರು.